ಬೇಲಿಯೊಳಗಿನ ವಸಂತ

ನಮ್ಮ ಕವಿಗಳ ವಸಂತವನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದವನು ನಾನು. ಮಾವು ಚಿಗುರಿತು, ಕೋಗಿಲೆ ಕೂಗಿತು, ತೆಂಕಣ ಗಾಳಿ ಸುಳಿಯಿತು ಎಂದು ವಿವರಿಸುವಾಗ ನನ್ನ ನಾಲಗೆ ಎಂದೂ ತಡವರಿಸಿದ್ದಿಲ್ಲ. ಹತ್ತನೆಯ ಶತಮಾನದ ಪಂಪನು ಹಂಬಲಿಸಿ ನೆನೆದ ಬನವಾಸಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದೆಯೆಂದು ವಿದ್ಯಾರ್ಥಿಗಳಿಗೆ ಹೇಳುವಾಗಲಂತೂ ಎದೆ ಸ್ವಲ್ಪ ಉಬ್ಬುತ್ತಿತ್ತು. ಆದರೆ ಅದೇ ಜಿಲ್ಲೆಯ ಕಡಲಂಚಿನಲ್ಲಿ, ಕಾರವಾರ ಅಂಕೋಲೆಗಳ ಒಕ್ಕಲು ಮನೆಗಳಲ್ಲಿ, ವಸಂತವೆಂಬ ಮಾತನ್ನು ಯಾರೂ ಆಡುವುದಿಲ್ಲ. ಅಲ್ಲಿರುವುದು ಬೇಸಿಗೆ. ಈ ಎರಡು ಮಾತುಗಳ ನಡುವಣ ಅಂತರ ಎಷ್ಟೆಂಬುದು ನನಗೆ ತಿಳಿದದ್ದು ೨೦೨೦ರಲ್ಲಿ. ಅದೂ ಪುಸ್ತಕದಿಂದಲ್ಲ, ನನ್ನ ಅಣ್ಣನಿಂದ.

ಆ ವರ್ಷದ ಮಾರ್ಚ್ ೨೪ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಳ್ಳಬೇಕೆಂಬ ಆಜ್ಞೆ ಹೊರಟಿತು. ಮರುದಿನ ಯುಗಾದಿ, ಶಾರ್ವರಿ ಸಂವತ್ಸರದ ಮೊದಲ ಬೆಳಗು. ಹಬ್ಬಕ್ಕೆಂದು ಮೂರು ದಿನದ ಬಟ್ಟೆ ಕಟ್ಟಿಕೊಂಡು ಕಾರವಾರದಿಂದ ಅಂಕೋಲೆಯ ಬಳಿಯ ನಮ್ಮ ಹಳ್ಳಿಮನೆಗೆ ಬಂದಿದ್ದ ನಾನು, ನನ್ನ ಹೆಂಡತಿ, ಮಗ, ಮೂವರೂ ಅಲ್ಲಿಯೇ ಉಳಿದೆವು. ಇಪ್ಪತ್ತೊಂದು ದಿನವೆಂದದ್ದು ಏಪ್ರಿಲ್ ದಾಟಿ ಮೇ ತಿಂಗಳಿಗೆ ಕಾಲಿಟ್ಟಿತು. ಭಟ್ಕಳದಲ್ಲಿ ರೋಗ ಕಾಣಿಸಿಕೊಂಡು, ಅಲ್ಲಿಯವರನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಉಪಚರಿಸುತ್ತಿದ್ದಾರೆಂಬ ಸುದ್ದಿ ಬಂದಾಗ ಊರಿನ ಹಾದಿಗಳಿಗೆ ಅಡ್ಡಲಾಗಿ ಬಿದಿರಿನ ಗಳುಗಳು ಬಿದ್ದವು. ಎಪ್ಪತ್ತೈದು ದಾಟಿದ ಅವ್ವನನ್ನು ನೆನೆದು ನಾವು ಬೇಲಿಯಿಂದ ಹೊರಗೆ ಕಾಲಿಡಲಿಲ್ಲ.

ಬೇಲಿಯೊಳಗಿನ ನಮ್ಮ ಲೋಕ ಒಂದೂವರೆ ಎಕರೆಯದು. ಮಳೆಗಾಲದಲ್ಲಿ ಅದು ಭತ್ತದ ಗದ್ದೆ. ಭತ್ತ ಕೊಯ್ದ ಮೇಲೆ ಅದೇ ಮರಳು ಬೆರೆತ ನೆಲದಲ್ಲಿ ೨೦ ಗುಂಟೆ ಶೇಂಗಾ, ೧೫ ಗುಂಟೆ ಕಲ್ಲಂಗಡಿ, ಮನೆಯ ಹತ್ತಿರದ ತುಣುಕಿನಲ್ಲಿ ಹರಿವೆ, ಬಸಳೆ, ಬೆಂಡೆ, ಮೊಗೆಕಾಯಿ. ಸುತ್ತಲೂ ತೆಂಗು, ಹಿಂದಿನ ಬೇಣದಲ್ಲಿ ಗೇರು, ಒಂದೆರಡು ಮುರುಗಲು, ಅಂಗಳದ ಮೂಲೆಯಲ್ಲಿ ಅಪ್ಪ ನೆಟ್ಟ ಒಂದು ಕರಿ ಇಶಾಡ ಮಾವು. ಅಪ್ಪ ತೀರಿದಂದಿನಿಂದ ಇದನ್ನೆಲ್ಲ ನೋಡಿಕೊಂಡವರು ಅಣ್ಣ ಮತ್ತು ಅತ್ತಿಗೆ. ನಾನು ಹಬ್ಬಕ್ಕೆ ಬರುವ ನೆಂಟ. ಇಷ್ಟೇ ಆಗಿದ್ದರೆ ಹೇಳುವಂಥದೇನೂ ಇರಲಿಲ್ಲ. ಹಿಂದಿನ ವರ್ಷವೇ ಪೇಟೆಯ ದಲ್ಲಾಳಿಯೊಬ್ಬ ಕಲ್ಲಂಗಡಿಯ ತುಂಡನ್ನು ಮನೆ ಕಟ್ಟುವ ನಿವೇಶನಕ್ಕೆಂದು ಕೇಳಿದ್ದ. ಲೆಕ್ಕ ಹಾಕಿ, ಬೇಸಾಯದಲ್ಲಿ ಏನೂ ಗಿಟ್ಟುವುದಿಲ್ಲವೆಂದು ಕಾಗದದ ಮೇಲೆ ತೋರಿಸಿ, ಮಾರುವುದೇ ಒಳಿತೆಂದು ಅಣ್ಣನಿಗೆ ಬುದ್ಧಿ ಹೇಳಿದವನು ನಾನೇ.

ಮೊದಲ ಹತ್ತು ದಿನಗಳು ನನಗೆ ಹಬ್ಬದ ಮುಂದುವರಿಕೆಯಂತಿದ್ದವು. ಬೆಳಗಿನ ಐದಕ್ಕೆ ಅಣ್ಣ ಏಳುವನು, ನಾನೂ ಏಳುವೆನು. ಗದ್ದೆಯ ಹೊಂಡದಿಂದ ಎರಡೂ ಕೈಗಳಲ್ಲಿ ಕೊಡ ಹಿಡಿದು ತರಕಾರಿಯ ಬುಡಕ್ಕೆ ನೀರು ಹನಿಸುವುದು ಮೊದಲ ಕೆಲಸ. ಬಿಸಿಲೇರುವ ಮುನ್ನ ಬೇಣಕ್ಕೆ ಹೋಗಿ ಉದುರಿದ ಗೇರುಹಣ್ಣು ಹೆಕ್ಕಿ ಬೀಜ ತಿರುಚಿ ತೆಗೆಯುವುದು. ಹಿಂತಿರುಗಿದಾಗ ಕುಚ್ಚಲಕ್ಕಿಯ ಗಂಜಿ, ಮಾವಿನಮಿಡಿಯ ಉಪ್ಪಿನಕಾಯಿ. ಆಮೇಲೆ ಶೇಂಗಾ ಕೀಳುವುದು. ಗಿಡವನ್ನು ಬುಡಕ್ಕೆ ಹಿಡಿದು ಮೆಲ್ಲನೆ ಜಗ್ಗಬೇಕು. ಆತುರಪಟ್ಟರೆ ಕಾಯಿ ನೆಲದಲ್ಲಿಯೇ ಉಳಿಯುತ್ತದೆ. ನಾನು ಕಿತ್ತ ಸಾಲಿನಲ್ಲಿ ಅವ್ವ ಮತ್ತೊಮ್ಮೆ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಕೆದಕಿ, ನಾನು ಬಿಟ್ಟ ಕಾಯಿಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅಂಗಳದ ತುಂಬ ಚಾಪೆಗಳು: ಒಂದರಲ್ಲಿ ಶೇಂಗಾ, ಒಂದರಲ್ಲಿ ಗೇರುಬೀಜ, ಒಂದರಲ್ಲಿ ಹಪ್ಪಳ. ಕಾಗೆ ಕಾಯುವುದು ನನ್ನ ಮಗನ ಉದ್ಯೋಗ. ಸಂಜೆಗೆ ದರಕು ಗುಡಿಸಿ ಕೊಟ್ಟಿಗೆಗೆ ಹಾಕಿದರೆ ದಿನ ಮುಗಿಯಿತು.

ಕಾಲೇಜಿನ ಪಾಠಗಳು ಮೊಬೈಲಿನಲ್ಲಿ ಮೊದಲಾದವು. ಮನೆಯಲ್ಲಿ ಅದಕ್ಕೆ ಸಂಪರ್ಕ ಸಿಗದು. ಕಲ್ಲಂಗಡಿಯ ಗದ್ದೆಯ ಬದುವಿನ ಮೇಲೆ, ತೆಂಗಿನ ನೆರಳಿನಲ್ಲಿ ನಿಂತರೆ ಮಾತ್ರ ದನಿ ಸರಿಯಾಗಿ ಹೋಗುತ್ತಿತ್ತು. ಒಂದು ಬೆಳಿಗ್ಗೆ ಹಾಗೆ ನಿಂತು ಚಂಪೂಕಾವ್ಯದ ವಸಂತವರ್ಣನೆಯನ್ನು ಬಾಯಿತುಂಬ ವಿವರಿಸುತ್ತಿದ್ದೆ. ಬದುವಿನ ಕೆಳಗೆ ಅಣ್ಣ ಒಂದೊಂದೇ ಕಾಯಿಯನ್ನು ಬೆರಳಿನಿಂದ ತಟ್ಟಿ ನೋಡುತ್ತ ಸಾಗಿದ್ದ. ಕಾಯಿಯ ಬಳಿಯ ಕುಡಿಬಳ್ಳಿ ಒಣಗಿರಬೇಕು, ನೆಲಕ್ಕೆ ತಾಗಿದ ಹೊಟ್ಟೆ ಹಳದಿಗೆ ತಿರುಗಿರಬೇಕು, ತಟ್ಟಿದರೆ ದಪ್ಪ ದನಿ ಬರಬೇಕು. ಆಗ ಅದು ಹಣ್ಣು. ಪಾಠ ಮುಗಿಸಿ, "ಎಂಥ ಚಂದದ ಕಾಲವಪ್ಪ ಇದು!" ಎಂದೆ. ಅವನು ತಲೆಯೆತ್ತಲಿಲ್ಲ. "ಎಲ್ಲ ಹಣ್ಣಾಯ್ತು," ಎಂದಷ್ಟೇ ಹೇಳಿದನು.

ಆ ಮಾತಿನ ಭಾರ ನನಗೆ ತಿಳಿಯಲು ಎರಡು ದಿನ ಬೇಕಾದವು. ಹದಿನೈದು ಗುಂಟೆಯಲ್ಲಿ ಸುಮಾರು ನಾಲ್ಕು ಟನ್ನು ಹಣ್ಣು. ಕಿಲೋಗೆ ಒಂಬತ್ತು ರೂಪಾಯಿಯಂತೆ ಒಯ್ಯುವೆನೆಂದು ಗೋವೆಯ ಕಡೆಗೆ ಸಾಗಿಸುವ ವ್ಯಾಪಾರಿಯೊಬ್ಬ ಮಾತು ಕೊಟ್ಟಿದ್ದ. ಅದನ್ನು ನಂಬಿ ಅಣ್ಣ ಬೀಜಕ್ಕೆ, ಗೊಬ್ಬರಕ್ಕೆ, ಪಂಪಿನ ದುರಸ್ತಿಗೆ ನಲವತ್ತು ಸಾವಿರ ಸಾಲ ಮಾಡಿದ್ದ. ಈಗ ಮಾಜಾಳಿಯ ಗಡಿ ಮುಚ್ಚಿತ್ತು. ಕಾರವಾರದ ಭಾನುವಾರದ ಸಂತೆ ನಿಂತಿತ್ತು. ಮಾರ್ಚ್ ೨೭ರಂದು ಕೇಂದ್ರ ಸರಕಾರವು ಬೇಸಾಯದ ಕೆಲಸಕ್ಕೂ ಕೃಷಿ ಮಾರುಕಟ್ಟೆಗಳಿಗೂ ವಿನಾಯಿತಿ ಕೊಟ್ಟದ್ದು ನಿಜ. ಗದ್ದೆಗೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ಕಲ್ಲಂಗಡಿಯನ್ನು ಕೊಳ್ಳುವವರು ಯಾರು? ಹೋಟೆಲುಗಳು, ಹೆದ್ದಾರಿಯ ತಂಪುಪಾನೀಯದ ಅಂಗಡಿಗಳು, ಕಡಲತೀರದ ಪ್ರವಾಸಿಗಳು, ಮದುವೆ ಜಾತ್ರೆಗಳ ಜನ. ಬೆಳೆಯುವ ಕೈಗೆ ಬಿಡುಗಡೆಯಿತ್ತು. ತಿನ್ನುವ ಬಾಯಿಗೆ ಬೀಗ ಬಿದ್ದಿತ್ತು. ವ್ಯಾಪಾರಿ ದೂರವಾಣಿಯನ್ನೇ ಎತ್ತಲಿಲ್ಲ. ಅವನ ಲಾರಿಯೂ ಎಲ್ಲಿಯೋ ನಿಂತಿದ್ದಿರಬೇಕು.

ಅವ್ವ ಓದಿದವಳಲ್ಲ. ಬೆಳೆಗಳಲ್ಲಿ ಎರಡೇ ಜಾತಿಯೆಂದು ಅವಳ ಮತ: ಕಾಯುವ ಬೆಳೆ, ಕಾಯದ ಬೆಳೆ. ಭತ್ತ ಕಾಯುತ್ತದೆ, ಶೇಂಗಾ ಕಾಯುತ್ತದೆ, ತೆಂಗಿನಕಾಯಿ, ಗೇರುಬೀಜ, ಒಣಗಿಸಿದ ಮುರುಗಲ ಸಿಪ್ಪೆ ಕಾಯುತ್ತವೆ. ಅವಳ ಕಾಲದ ಮನೆಗಳು ಕಾಯುವ ಬೆಳೆಗಳ ಮೇಲೆ ನಿಂತಿದ್ದವು. ಆ ವಸಂತದಲ್ಲಿಯೂ ನಮ್ಮ ಹೊಟ್ಟೆ ತುಂಬಿಸಿದವು ಅವೇ. ಮೀನು ಮಾರುವ ಹರಿಕಂತ್ರ ಹೆಂಗಸೊಬ್ಬಳು ಒಣ ಸೀಗಡಿ ತಂದು ಬೇಲಿಯಾಚೆ ನಿಂತರೆ, ಅವ್ವ ಶೇಂಗಾ ಅಳೆದು ಕೊಟ್ಟು ಅದನ್ನು ಪಡೆಯುವಳು. ನಡುವೆ ಹಣದ ಮಾತೇ ಬರಲಿಲ್ಲ. ಇದನ್ನು ಕಂಡು ನಾನು ಸ್ವಾವಲಂಬನೆಯ ವಿಷಯವಾಗಿ ಊಟದ ಹೊತ್ತಿನಲ್ಲಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಆಗ ಅತ್ತಿಗೆ ಕೇಳಿದ ಪ್ರಶ್ನೆಗೆ ಉತ್ತರ ತೋಚಲಿಲ್ಲ: "ಮಗಳ ಕಾಲೇಜು ಫೀಗೆ ಶೇಂಗಾ ಅಳೆದು ಕೊಡಬಹುದೇ, ಮಾಸ್ತರೇ?" ಫೀ ಕಾಯುವುದಿಲ್ಲ, ಆಸ್ಪತ್ರೆ ಕಾಯುವುದಿಲ್ಲ, ಆದುದರಿಂದಲೇ ಅಣ್ಣ ಕಾಯದ ಬೆಳೆಗೆ ಕೈಹಾಕಿದ್ದ. ನನ್ನ ಕಾಗದದ ಲೆಕ್ಕದಲ್ಲಿ ಈ ಅಂಶವೇ ಇರಲಿಲ್ಲ.

ಏಪ್ರಿಲ್ ೧೩ ಬಂತು. ತೊಂಬತ್ತು ವರ್ಷಗಳ ಹಿಂದೆ, ೧೯೩೦ರ ಅದೇ ದಿನ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಯ ಚಳವಳಿಯಲ್ಲಿ ಈ ತಾಲೂಕಿನ ರೈತರು ಕಂದಾಯ ಕೊಡಲೊಲ್ಲದೆ ಮನೆ, ದನ, ಭೂಮಿ ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದದ್ದು ಆಗ. ಆ ಮಧ್ಯಾಹ್ನ ಅವ್ವ ಜಾಡಿಯಲ್ಲಿ ಮಾವಿನಮಿಡಿಗೆ ಉಪ್ಪು ಹಾಕುತ್ತಿದ್ದಳು. ನಾನು ಮಗನಿಗೆ ಈ ಚರಿತ್ರೆಯನ್ನು ಹೇಳುತ್ತಿದ್ದೆ. ಗೋಡೆಗೆ ಒರಗಿದ್ದ ಅಣ್ಣ ನಡುವೆ ಬಾಯಿ ಹಾಕಿದನು: "ಅವರಿಗೆ ಎದುರಿಗೆ ಒಬ್ಬ ಸರಕಾರದವ ಇದ್ದ, ಅವನ ಸಂಗತಿ ಜಗಳ ಆಡಿದ್ರು. ನಾನು ಯಾರ ಸಂಗತಿ ಆಡ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ವೇಳೆಗೆ ಗದ್ದೆಯಲ್ಲಿ ಹಣ್ಣುಗಳು ಬಿರಿಯತೊಡಗಿದ್ದವು. ಮಾಗಿದ ಹಣ್ಣು ಆ ಬಿಸಿಲಿನಲ್ಲಿ ಬಳ್ಳಿಯ ಮೇಲೆ ಹೆಚ್ಚು ದಿನ ನಿಲ್ಲದು. ಹುಳಿಯ ವಾಸನೆ, ನೊಣದ ಮೊರೆತ. ಪಾಠ ಹೇಳುವ ಬದುವಿನ ಮೇಲೆ ನಿಲ್ಲುವುದೇ ಕಷ್ಟವಾಯಿತು. ದನಗಳು ಸಹ ತಿಂದು ಬೇಸತ್ತು ಮುಖ ತಿರುಗಿಸಿದವು.

ಏಪ್ರಿಲ್ ಮೊದಲಲ್ಲಿ ನನ್ನ ಸಂಬಳ ಎಂದಿನಂತೆ ಬ್ಯಾಂಕಿಗೆ ಬಂದಿತ್ತು. ಆ ರಾತ್ರಿ ಜಗಲಿಯ ಮೇಲೆ, ಸಂಕೋಚದಿಂದಲೇ, "ಸಾಲದ ನಲವತ್ತು ಸಾವಿರವನ್ನು ನಾನು ಕಟ್ಟುತ್ತೇನೆ," ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದನು. ಅವನು ಕೊನೆಗೆ ಆಡಿದ ಮಾತನ್ನು ಅವನ ಬಾಯಿಯಿಂದ ಬಂದಂತೆಯೇ ಬರೆಯುತ್ತೇನೆ: "ತಮ್ಮಾ, ನಿಂಗೆ ತಿಂಗಳಾದ ಕೂಡ್ಲೆ ಪಗಾರ ಬತ್ತದೆ. ನಂಗೆ ಈ ಹಣ್ಣೇ ಪಗಾರ. ದುಡ್ಡು ಕೊಡ್ಬೇಡ. ಹಣ್ಣು ತಕೋ, ಒಂಬತ್ತು ರೂಪಾಯಿ ಕೊಡು. ದಾನ ಕೊಟ್ರೆ ಈ ವರ್ಷ ಮುಗೀತದೆ. ಬೆಲೆ ಕೊಟ್ರೆ ಬಪ್ಪ ವರ್ಷಕ್ಕೂ ಬೀಜ ಹಾಕ್ತೆ."

ಮಾರನೆಯ ದಿನ ಬದುವಿನ ಮೇಲೆ ನಿಂತು ನಾನು ಕಾವ್ಯವನ್ನು ಹೇಳಲಿಲ್ಲ. ಕಾರವಾರದ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ನೆರೆಮನೆಯವರು ಎಲ್ಲರಿಗೂ ಒಬ್ಬೊಬ್ಬರಾಗಿ ಫೋನು ಮಾಡಿ, ಹಣ್ಣು ಬೇಕೇ ಎಂದು ಕೇಳಿದೆ. ಕನ್ನಡ ಮಾಸ್ತರನು ಕಲ್ಲಂಗಡಿ ಮಾರುವುದನ್ನು ಕೇಳಿ ನಕ್ಕವರುಂಟು. ನಕ್ಕವರೂ ಎರಡೆರಡು ಹಣ್ಣು ಬರೆಸಿದರು. ಪರವಾನಗಿಯುಳ್ಳ ತರಕಾರಿಯ ಗಾಡಿಯವನೊಬ್ಬ ಸುಮಾರು ೩೫ ಕಿಲೋಮೀಟರು ದೂರದ ಕಾರವಾರಕ್ಕೆ ಸಾಗಿಸಲು ಒಪ್ಪಿದನು. ಅಣ್ಣ ತೂಗಿದನು, ಅತ್ತಿಗೆ ಹೆಸರು ಬರೆದ ಚೀಟಿ ಅಂಟಿಸಿದಳು, ನನ್ನ ಮಗ ಲೆಕ್ಕವಿಟ್ಟನು. ನಾಲ್ಕು ಟನ್ನಿನಲ್ಲಿ ಒಂದೂವರೆ ಟನ್ನು ಹೋಯಿತು. ಉಳಿದದ್ದು ಗೊಬ್ಬರವಾಯಿತು. ಆದ್ದರಿಂದ ಇದನ್ನು ಗೆಲುವಿನ ಕಥೆಯೆಂದು ವಾಚಕರು ತಿಳಿಯಬಾರದು. ಸಾಲದ ಬಹುಪಾಲು ಉಳಿಯಿತು. ಅದನ್ನು ತೀರಿಸಲು ಅಣ್ಣನಿಗೆ ಮತ್ತೆರಡು ಬೇಸಿಗೆಗಳು ಹಿಡಿದವು.

ಆ ಮೇ ತಿಂಗಳಲ್ಲಿ ಕರಿ ಇಶಾಡ ಹಣ್ಣಾಯಿತು. ತೆಳುಸಿಪ್ಪೆಯ, ತುಂಬು ತಿರುಳಿನ ಈ ಹಣ್ಣೂ ಕಾಯದ ಬೆಳೆಯೇ. ೨೦೨೩ರಲ್ಲಿ ಅಂಕೋಲೆಯ ಕರಿ ಇಶಾಡಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಅಣ್ಣನಿಗೆ ಸುದ್ದಿ ಓದಿ ಹೇಳಿದೆ. "ಹೆಸರು ಬಂತು, ಚಲೋ ಆಯ್ತು. ಕೊಳ್ಳುವವರೂ ಬರ್ಲಿ," ಎಂದನು. ದಲ್ಲಾಳಿ ಇನ್ನೂ ಆಗಾಗ ಬರುತ್ತಾನೆ. ಮಾರಬೇಡವೆಂದೂ ನಾನು ಈಗ ಹೇಳುವುದಿಲ್ಲ, ಮಾರೆಂದೂ ಹೇಳುವುದಿಲ್ಲ. ಬೆನ್ನು ಬಗ್ಗಿಸುವವನು ಅವನು. ಮಾತು ಅವನದೇ ಆಗಬೇಕು.

ವಸಂತದ ಪಾಠವನ್ನು ಈಗಲೂ ಹೇಳುತ್ತೇನೆ. ಪಂಪನ ಮೇಲಿನ ನನ್ನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ಪಾಠಕ್ಕೆ ಮೊದಲು ಮಾತ್ರ, ಈ ತಿಂಗಳು ನಿಮ್ಮ ಮನೆಯ ಗದ್ದೆಯಲ್ಲಿ ಏನಿದೆ, ಅದಕ್ಕೆ ಪೇಟೆಯಲ್ಲಿ ಏನು ಬೆಲೆಯಿದೆ ಎಂದು ಹಳ್ಳಿಯ ಮಕ್ಕಳನ್ನು ಕೇಳುವ ರೂಢಿ ಬಿದ್ದಿದೆ. ಫೆಬ್ರುವರಿ ಮುಗಿಯುತ್ತ ಬಂದಂತೆ ಅಣ್ಣನ ಫೋನು ಬರುತ್ತದೆ. ಯೋಗಕ್ಷೇಮದ ಮಾತು ಮುಗಿದೊಡನೆ ಅವನು ಕೇಳುವುದು ಒಂದೇ ಪ್ರಶ್ನೆ: "ಈ ಸಲ ಎಷ್ಟು ಮನೆ?" ನಾನು ಹೆಸರಿನ ಪಟ್ಟಿ ತೆಗೆದು ಓದಲು ಕುಳಿತುಕೊಳ್ಳುತ್ತೇನೆ.