ಅಮೆರಿಕದ ಟಿವಿಯಲ್ಲಿ ಫುಟ್ಬಾಲ್: ದುಡ್ಡು ಎಲ್ಲಿಂದ ಬರುತ್ತದೆ?

ನಾವು ಫುಟ್ಬಾಲ್ ಅನ್ನುವ ಆಟಕ್ಕೆ ಅಮೆರಿಕದವರು ಸಾಕರ್ ಅಂತಾರೆ. ಅಷ್ಟು ಶ್ರೀಮಂತ ದೇಶದ ಟಿವಿ ಈ ಆಟವನ್ನು ಬಹಳ ವರ್ಷ ಯಾಕೆ ದೂರ ಇಟ್ಟಿತ್ತು? ಜಮಾ-ಖರ್ಚು ನೋಡಿದರೆ ಉತ್ತರ ಸಿಗುತ್ತದೆ.

ಟಿವಿಯ ಹಳೆಯ ಆದಾಯ ಜಾಹೀರಾತು. ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಜಾಹೀರಾತು ಬರುವ ಹಾಗೆ, ಅಲ್ಲಿನ ಎನ್‌ಎಫ್‌ಎಲ್, ಬೇಸ್‌ಬಾಲ್ ಪಂದ್ಯಗಳೂ ನಿಂತು ನಿಂತು ಸಾಗುತ್ತವೆ. ಸಾಕರ್ ಹಾಗಲ್ಲ, 45 ನಿಮಿಷ ಒಂದೇ ಓಟ. 1994ರ ವಿಶ್ವಕಪ್ ಅಮೆರಿಕದಲ್ಲೇ ನಡೆದಾಗ, ಪರದೆಯ ಗಡಿಯಾರದ ಪಕ್ಕ ಪ್ರಾಯೋಜಕರ ಲೋಗೋ ಹಾಕಿ ಸುಧಾರಿಸಿದರು. 2002 ಮತ್ತು 2006ರ ವಿಶ್ವಕಪ್‌ಗಳ ಇಂಗ್ಲಿಷ್ ಪ್ರಸಾರ ಹಕ್ಕನ್ನಂತೂ ಅಲ್ಲಿನ ಎಂಎಲ್‌ಎಸ್ ಲೀಗಿನವರೇ ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕಾಯಿತು.

ಆಟವನ್ನು ಕೈಬಿಡದೆ ನೋಡಿದವರು ಮೆಕ್ಸಿಕೊ ಮುಂತಾದ ಕಡೆಯಿಂದ ದುಡಿಯಲು ಬಂದವರು. 2018 ಮತ್ತು 2022ರ ವಿಶ್ವಕಪ್‌ಗಳಿಗೆ ಇಂಗ್ಲಿಷಿನ ಫಾಕ್ಸ್‌ಗಿಂತ ಸ್ಪ್ಯಾನಿಷ್ ಭಾಷೆಯ ಟೆಲಿಮುಂಡೊ ಹೆಚ್ಚು ಹಣ ಕೊಟ್ಟಿತೆಂದು ಆಗ ವರದಿಯಾಗಿತ್ತು. ಪರದೇಶದಲ್ಲಿ ಕೂತು ಊರಿನ ಆಟ ನೋಡುವ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಆಮೇಲೆ ಚಂದಾದ ಕಾಲ ಬಂತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಎನ್‌ಬಿಸಿ 2013ರಿಂದ 3 ವರ್ಷಕ್ಕೆ ಸುಮಾರು 25 ಕೋಟಿ ಡಾಲರ್ ಕೊಟ್ಟಿತ್ತು. 2022ರಿಂದ 6 ವರ್ಷಕ್ಕೆ ಸುಮಾರು 270 ಕೋಟಿ. ಭಾಗಿಸಿ ನೋಡಿ: ವರ್ಷಕ್ಕೆ 8 ಕೋಟಿ ಇದ್ದದ್ದು 45 ಕೋಟಿ ಆಯಿತು! ಇಂಗ್ಲೆಂಡಿನ ಮಧ್ಯಾಹ್ನದ ಪಂದ್ಯ ಅಮೆರಿಕದಲ್ಲಿ ಶನಿವಾರ ಬೆಳಿಗ್ಗೆ ಬರುತ್ತದೆ, ದೊಡ್ಡ ಪೈಪೋಟಿ ಇಲ್ಲದ ಹೊತ್ತು. ಜೊತೆಗೆ ಎನ್‌ಬಿಸಿಯವರ ಪೀಕಾಕ್ ಸ್ಟ್ರೀಮಿಂಗ್‌ಗೆ ತಿಂಗಳ ಚಂದಾ.

ಎಂಎಲ್‌ಎಸ್ ಇನ್ನೂ ಮುಂದೆ ಹೋಗಿ, 2023ರಿಂದ 10 ವರ್ಷಕ್ಕೆ ಆ್ಯಪಲ್ ಜೊತೆ 250 ಕೋಟಿ ಡಾಲರ್ ಒಪ್ಪಂದ ಮಾಡಿತು. ಅದೇ ವರ್ಷ ಮೆಸ್ಸಿಯೂ ಬಂದರು. ಆದರೆ ಪ್ರತ್ಯೇಕ ಚಂದಾ ಕಟ್ಟದವರಿಗೆ ಹೆಚ್ಚಿನ ಪಂದ್ಯ ಕಾಣಲಿಲ್ಲ. ವರಮಾನ ಖಾತ್ರಿಯಾಯಿತು, ಹೊಸ ಪ್ರೇಕ್ಷಕರು ಸಿಗುವುದು ಕಷ್ಟವಾಯಿತು. ಕೊನೆಗೆ 2026ರಿಂದ ಆ ಪ್ರತ್ಯೇಕ ಚಂದಾ ತೆಗೆದು, ಪಂದ್ಯಗಳನ್ನು ಆ್ಯಪಲ್ ಟಿವಿಯ ಮಾಮೂಲಿ ಚಂದಾಕ್ಕೇ ಸೇರಿಸಿದರು.

ಲೆಕ್ಕ ಇಷ್ಟೇ: ಜಾಹೀರಾತಿನ ಟಿವಿಗೆ ನೋಡುವವರ ಕಣ್ಣು ಸಾಕು, ಚಂದಾದ ಟಿವಿಗೆ ಅವರ ಜೇಬೂ ಬೇಕು. ಈಗ ಅಲ್ಲಿ ಎಲ್ಲ ಲೀಗ್ ನೋಡಬೇಕಾದರೆ ಹಲವು ಚಂದಾ ಕಟ್ಟಬೇಕು. ಯಾರೂ ಕೇಳದ ಕಾಲದಲ್ಲಿ ಈ ಆಟವನ್ನು ಟಿವಿಯಲ್ಲಿ ಉಳಿಸಿದ್ದು ದಿನಗೂಲಿಯ ವಲಸೆ ಮನೆಗಳು. ಬಿಲ್ ಏರುತ್ತಾ ಹೋದರೆ ಮೊದಲು ಹೊರಗೆ ಬೀಳುವವರೂ ಅವರೇ.