ಜಾರುವ ಚಕ್ರಕ್ಕೆ ಕಡಿವಾಣ

ಮುಂಗಾರು ಕಾಲಿಟ್ಟೊಡನೆ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಹಳೆಯ ಜೀಪುಗಳಿಗೆ ಪರೀಕ್ಷಾಕಾಲವು ಪ್ರಾಪ್ತವಾಗುತ್ತದೆ. ಹಿರಿಯೂರಿನ ಎರೆಹೊಲದ ದಾರಿಯಾಗಲಿ, ಹೊಳಲ್ಕೆರೆಯ ಅಡಕೆತೋಟದ ಓಣಿಯಾಗಲಿ, ಹೊಸದುರ್ಗದ ತೆಂಗಿನ ತೋಟಗಳಿಗೆ ಹೋಗುವ ಬಂಡಿಜಾಡಾಗಲಿ, ಒಂದು ಹದ ಮಳೆ ಬಿದ್ದರೆ ಸಾಕು. ಹಿಂದಿನ ಒಂದು ಚಕ್ರವು ಕೆಸರಿನಲ್ಲಿ ಗಿರ್ರನೆ ಸುತ್ತುತ್ತದೆ, ಗಟ್ಟಿನೆಲದ ಮೇಲಿರುವ ಅದರ ಜೊತೆಗಾರ ಚಕ್ರವು ಕದಲದೆ ನಿಲ್ಲುತ್ತದೆ. ಯಂತ್ರದ ಶಕ್ತಿಗೆ ಕೊರತೆಯಿಲ್ಲ. ಹಾಗಾದರೆ ಕಾರಣವೇನು?

ಎತ್ತಿನ ಗಾಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿದೀತು. ಗಾಡಿಯ ಇರುಸು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರವು ಹೆಚ್ಚು ದೂರವನ್ನೂ ಒಳಗಿನದು ಕಡಮೆ ದೂರವನ್ನೂ ಕ್ರಮಿಸುತ್ತದೆ. ಎಳೆಯುವ ಕೆಲಸ ಎತ್ತಿನದಾದ್ದರಿಂದ ತೊಡಕಿಲ್ಲ. ಮೋಟಾರು ಬಂಡಿಯಲ್ಲಾದರೋ ಇರುಸೇ ಚಕ್ರಗಳನ್ನು ತಿರುಗಿಸಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಟೈರುಗಳು ನೆಲಕ್ಕೆ ಉಜ್ಜಿ ಸವೆಯುವುವು. ಆದಕಾರಣ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಯಂತ್ರಶಿಲ್ಪಿಯು ೧೮೨೭ರಲ್ಲಿ ಹಬೆಯ ಬಂಡಿಗೆಂದು ಡಿಫರೆನ್ಷಿಯಲನ್ನು ಕಲ್ಪಿಸಿದನು. ಇರುಸನ್ನು ಎರಡು ತುಂಡು ಮಾಡಿ ನಡುವೆ ಹಲ್ಲುಗಾಲಿಗಳನ್ನು ಕೂಡಿಸುವುದೇ ಇದರ ತಿರುಳು.

ಇದರ ಗುಣವೇ ಇದರ ದೋಷವೂ ಆಗಿದೆ. ಇದು ಎರಡು ಚಕ್ರಗಳಿಗೂ ತಿರುಗಿಸುವ ಬಲವನ್ನು ಸಮನಾಗಿ ಹಂಚುತ್ತದೆ. ಪಂಕ್ತಿಯಲ್ಲಿ ಜ್ವರಪೀಡಿತನು ಒಂದೇ ತುತ್ತು ಉಂಡನೆಂದು ಪಕ್ಕದ ಹಸಿದವನಿಗೂ ಒಂದೇ ತುತ್ತು ಬಡಿಸಿದರೆ ಹೇಗೋ ಹಾಗೆ, ಕೆಸರಿನ ಚಕ್ರವು ತಾಳಬಲ್ಲ ಅತ್ಯಲ್ಪ ಬಲವೇ ಗಟ್ಟಿನೆಲದ ಚಕ್ರಕ್ಕೂ ದೊರೆಯುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿಯೊದಗಿಸುವ ಜೀಪು ಕೂಡ, ಮುಂದೊಂದು ಹಿಂದೊಂದು ಚಕ್ರ ಜಾರಿದರೆ, ನಿಂತುಬಿಡುವುದು ಇದರಿಂದಲೇ.

ಇದಕ್ಕೆ ಪರಿಹಾರವೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ೧೯೩೦ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಪಂದ್ಯದ ಕಾರುಗಳಿಗೆ ಇದು ಒದಗಿತು. ೧೯೫೬ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ ಸಾಮಾನ್ಯ ಗ್ರಾಹಕರಿಗೂ ದೊರೆಯಿತು. ಇದರೊಳಗೆ ತೆಳ್ಳನೆಯ ಉಕ್ಕಿನ ತಟ್ಟೆಗಳನ್ನು ಒಂದರ ಮಗ್ಗುಲಿಗೊಂದರಂತೆ ಜೋಡಿಸಿರುತ್ತಾರೆ. ಒಂದು ಬಿಟ್ಟೊಂದು ತಟ್ಟೆ ಇರುಸಿನ ಹಲ್ಲುಗಾಲಿಯೊಡನೆಯೂ, ಉಳಿದವು ಹೊರಗವಚದೊಡನೆಯೂ ತಿರುಗುತ್ತವೆ. ಒಂದು ಚಕ್ರವು ಮಿತಿಮೀರಿ ಓಡಹೊರಟರೆ ತಟ್ಟೆಗಳ ಘರ್ಷಣೆಯು ಅದನ್ನು ತಡೆದು, ಹೆಚ್ಚಿನ ಬಲವನ್ನು ಹಿಡಿತವುಳ್ಳ ಚಕ್ರಕ್ಕೆ ಸಾಗಿಸುತ್ತದೆ. ಮೆಲ್ಲನೆಯ ತಿರುವಿನಲ್ಲಿ ತಟ್ಟೆಗಳು ಜಾರಿ ದಾರಿ ಬಿಡುತ್ತವೆ.

ಹಲವು ಹಳೆಯ ಜೀಪುಗಳ ಹಿಂದಿನ ಇರುಸು ಡಾನಾ ೪೪ ಎಂಬ ಮಾದರಿಯದು. ಅದಕ್ಕೆ ಇಂಥ ಡಿಫರೆನ್ಷಿಯಲ್ ಕೊಳ್ಳುವ ಮುನ್ನ ಇರುಸಿನ ತುದಿಯ ಗೀರುಗಳನ್ನು ಎಣಿಸತಕ್ಕದ್ದು. ೧೦ ಗೀರಿನವೂ ೧೯ ಗೀರಿನವೂ ಉಂಟು, ಒಂದಕ್ಕೊಂದು ಹೊಂದವು. ಕ್ರೌನ್ ಚಕ್ರವನ್ನು ಹೊಸ ಕವಚಕ್ಕೆ ಬಿಗಿದ ಬಳಿಕ, ಬೇರಿಂಗುಗಳ ಮಗ್ಗುಲಲ್ಲಿ ತೆಳು ಬಿಲ್ಲೆಗಳನ್ನಿಟ್ಟು ಕ್ರೌನಿಗೂ ಪಿನಿಯನ್ನಿಗೂ ನಡುವಣ ಸಡಿಲನ್ನು ಹೊಂದಿಸಬೇಕು. ಸಾಮಾನ್ಯವಾಗಿ ಇದು ಅಂಗುಲದ ಸಾವಿರ ಭಾಗಗಳಲ್ಲಿ ೫ರಿಂದ ೧೦. ಆಯಾ ಬಂಡಿಯ ಕೈಪಿಡಿಯೇ ಪ್ರಮಾಣ. ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿದರೆ ಅವು ಎಲ್ಲಿ ತಾಗುತ್ತವೆಂಬುದು ಕಾಣುತ್ತದೆ. ಈ ಅಳತೆ ತಪ್ಪಿದರೆ ಇರುಸು ಗೋಳಿಡುವುದಲ್ಲದೆ ಹಲ್ಲುಗಳೂ ಬೇಗ ಸವೆದುಹೋಗುವುವು. ಆದ್ದರಿಂದ ಅಳೆಯುವ ಉಪಕರಣವಿಲ್ಲದ ಮೇಸ್ತ್ರಿಗೆ ಈ ಕೆಲಸವನ್ನು ಒಪ್ಪಿಸಲಾಗದು.

ಅನಂತರದ ನಿಯಮಗಳು ಮೂರು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲಿಗೆ ತಕ್ಕುದೆಂದು ಡಬ್ಬಿಯ ಮೇಲೆ ನಮೂದಿಸಿದ ಎಣ್ಣೆಯನ್ನೇ ಹಾಕಬೇಕು. ಹಿಂದಿನ ಎರಡು ಟೈರುಗಳೂ ಒಂದೇ ಅಳತೆಯವಾಗಿರಬೇಕು; ಇಲ್ಲದಿದ್ದರೆ ತಟ್ಟೆಗಳು ಹಗಲಿರುಳೂ ಉಜ್ಜಿ ಕೆಡುತ್ತವೆ. ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ಹಿಂದಿನ ಒಂದೇ ಚಕ್ರವನ್ನು ಜಾಕಿಯಿಂದ ಎತ್ತಿ, ಗೇರಿನಲ್ಲಿಟ್ಟು ಎಂಜಿನನ್ನು ಎಂದಿಗೂ ಓಡಿಸಬಾರದು. ಸಾದಾ ಇರುಸಿನಲ್ಲಿ ಎತ್ತಿದ ಚಕ್ರ ಮಾತ್ರ ತಿರುಗುತ್ತಿತ್ತು. ಈಗ ನೆಲದ ಚಕ್ರವೂ ಎಳೆಯುವುದರಿಂದ ಬಂಡಿಯು ಜಾಕಿಯಿಂದ ಉರುಳಿ ಮೈಮೇಲೆ ಬಂದೀತು. ಮಕ್ಕಳು ಸುತ್ತ ನೆರೆದು ನೋಡುವ ಮನೆಯಂಗಳದಲ್ಲಿ ಇದನ್ನು ಮರೆಯಲಾಗದು. ಟೈರು ಬದಲಿಸುವಾಗಲೂ ಕೈಬ್ರೇಕನ್ನು ನೆಚ್ಚದೆ ಉಳಿದ ಚಕ್ರಗಳಿಗೆ ಕಲ್ಲು ಕೊಡಬೇಕು.

ಇಷ್ಟಾದರೂ ಇದು ಸರ್ವರೋಗಕ್ಕೂ ಮದ್ದಲ್ಲ. ಒಂದು ಚಕ್ರವು ಪೂರ್ತಿ ಗಾಳಿಯಲ್ಲಿ ತೂಗಿದರೆ ತಟ್ಟೆಗಳ ಒತ್ತಡವೂ ತಗ್ಗುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಷ್ಟೇ ಹೋಗಿಬರುವ ಗೃಹಸ್ಥನಿಗೆ ಈ ವೆಚ್ಚವು ವ್ಯರ್ಥ. ಮಳೆಗಾಲದಲ್ಲೂ ತೋಟಕ್ಕೆ ಹೋಗಲೇಬೇಕಾದವರು ಮಾತ್ರ ಇದನ್ನು ವಿಚಾರಿಸತಕ್ಕದ್ದು. ಅವರಾದರೂ ಮೊದಲು ಟೈರುಗಳ ಸವೆತವನ್ನು ನೋಡಿಕೊಳ್ಳಲೆಂದು ನಮ್ಮ ಸೂಚನೆ. ನೆಲವನ್ನೇ ಹಿಡಿಯದ ಟೈರಿಗೆ ಇರುಸಿನೊಳಗಿನ ಯಾವ ಯಂತ್ರವೂ ಹಿಡಿತವನ್ನು ದಾನಮಾಡಲಾರದು.