ಹವಳದ ಅಕ್ವೇರಿಯಂಗೆ ಕಡಲ ಪಾಚಿ ಹಾಕಿದರೆ ನೀರು ಬದಲಿಸುವುದೇ ಬೇಡವೇ?

ಉಪ್ಪುನೀರಿನ ಗಾಜಿನ ತೊಟ್ಟಿ. ಒಳಗೆ ಬಣ್ಣಬಣ್ಣದ ಹವಳ, ಪಕ್ಕದಲ್ಲಿ ಓಲಾಡುವ ಕೆಂಪು, ಹಸಿರು ಕಡಲ ಪಾಚಿ. ಇಂಥ ವಿಡಿಯೊ ನೋಡಿದವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. 'ಪಾಚಿ ಹಾಕಿಬಿಡಿ, ನೀರು ಬದಲಿಸುವ ಕೆಲಸವೇ ಇರುವುದಿಲ್ಲ' ಎನ್ನುವುದು ಒಂದು. 'ಪಾಚಿ ಬಂತೆಂದರೆ ಹವಳದ ಕಥೆ ಮುಗಿಯಿತು' ಎನ್ನುವುದು ಇನ್ನೊಂದು.

ಯಾವುದು ನಿಜ? ಎರಡರಲ್ಲೂ ಅರ್ಧ ನಿಜವಿದೆ. ಪಾಚಿ ಮತ್ತು ಹವಳ ಒಂದೇ ತೊಟ್ಟಿಯಲ್ಲಿ ಬಾಳಬಲ್ಲವು, ಆದರೆ ನಮ್ಮ ಕೈಯಲ್ಲಿ ಕತ್ತರಿ ಇದ್ದರೆ ಮಾತ್ರ. ಹೇಗೆಂದು ನೋಡೋಣ.

ಪಾಚಿ ನೀರನ್ನು ಶುದ್ಧ ಮಾಡುವುದು ಹೇಗೆ?

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರ ಕೊಳೆತಾಗ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸೇರುತ್ತವೆ. ಕಡಲ ಪಾಚಿಗೆ ಇವೇ ಗೊಬ್ಬರ. ಅದಕ್ಕೆ ನಿಜವಾದ ಬೇರಿಲ್ಲ, ಇಡೀ ಮೈಯಿಂದಲೇ ಇವನ್ನು ಹೀರಿಕೊಳ್ಳುತ್ತದೆ. ಆದರೆ ಹೀರಿಕೊಂಡದ್ದು ಎಲ್ಲಿಗೂ ಹೋಗಿರುವುದಿಲ್ಲ, ಪಾಚಿಯ ಮೈಯಲ್ಲೇ ಇರುತ್ತದೆ. ಪಾಚಿ ಸತ್ತು ಕೊಳೆತರೆ ಎಲ್ಲವೂ ಮತ್ತೆ ನೀರಿಗೇ ಬರುತ್ತದೆ. ಬೆಳೆದ ಪಾಚಿಯನ್ನು ಕತ್ತರಿಸಿ ಹೊರಗೆ ತೆಗೆದಾಗಲೇ ಕೊಳೆ ತೊಟ್ಟಿಯಿಂದ ಹೋಯಿತೆಂದು ಲೆಕ್ಕ.

ಹಾಗಾದರೂ ನೀರು ಬದಲಿಸುವುದು ತಪ್ಪುವುದಿಲ್ಲ. ಹವಳ ತನ್ನ ಗೂಡು ಕಟ್ಟಲು ಕ್ಯಾಲ್ಸಿಯಂ ಬಳಸುತ್ತದೆ. ಪಾಚಿ ಕಬ್ಬಿಣದಂಥ ಸೂಕ್ಷ್ಮ ಪೋಷಕಾಂಶಗಳನ್ನು ಖಾಲಿ ಮಾಡುತ್ತದೆ. ಇವನ್ನು ಹೊಸ ಉಪ್ಪುನೀರಿನಿಂದಲೋ ಬೇರೆ ದ್ರಾವಣದಿಂದಲೋ ತುಂಬಿಕೊಡಬೇಕು. ಪಾಚಿ ಅತಿಯಾದರೂ ತೊಂದರೆಯೇ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದರೆ ಹವಳವೇ ಹಸಿದು ಬಣ್ಣಗೆಡುತ್ತದೆ. ಹವಳದ ಮೈಯೊಳಗೆ ವಾಸಿಸುತ್ತಾ ಅದಕ್ಕೆ ಆಹಾರ ಮಾಡಿಕೊಡುವುದು ಕೂಡ ಒಂದು ಬಗೆಯ ಸೂಕ್ಷ್ಮ ಪಾಚಿಯೇ. ಅದಕ್ಕೂ ಸ್ವಲ್ಪ ಗೊಬ್ಬರ ಬೇಕು.

ಪಾಚಿ ಹವಳವನ್ನು ಕೊಲ್ಲುತ್ತದೆಯೇ?

ಕೆಲವು ಜಾತಿಗಳು ಕೊಲ್ಲಬಲ್ಲವು. ಫಿಜಿ ಮತ್ತು ಪನಾಮಾದ ಸಮುದ್ರದಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಸಾಮಾನ್ಯ ಕಡಲ ಪಾಚಿಗಳಲ್ಲಿ ಶೇ. 40ರಿಂದ 70ರಷ್ಟು ಜಾತಿಗಳು ಹವಳಕ್ಕೆ ತಾಗಿದಾಗ ಅದು ಬಿಳಿಚಿಕೊಂಡು ಸತ್ತಿತು. ಪಾಚಿಯ ಮೈಯಲ್ಲಿರುವ ರಾಸಾಯನಿಕಗಳೇ ಇದಕ್ಕೆ ಕಾರಣ. ಗಮನಿಸಿ, ಹಾನಿಯಾದದ್ದು ಪಾಚಿ ನೇರವಾಗಿ ತಾಗಿದ ಜಾಗದಲ್ಲಿ ಮಾತ್ರ.

ಹಾಗಿದ್ದರೆ ಸಮುದ್ರದಲ್ಲಿ ಹವಳ ಹೇಗೆ ಉಳಿದಿದೆ? ಅಲ್ಲಿ ಮೀನುಗಳು, ಕಡಲ ಮುಳ್ಳುಚೆಂಡುಗಳು ಪಾಚಿಯನ್ನು ಹಗಲೂ ರಾತ್ರಿ ಮೇಯುತ್ತಿರುತ್ತವೆ. ಅಲಂಕಾರಕ್ಕೆಂದು ಪಾಚಿ ಬೆಳೆಸುವ ತೊಟ್ಟಿಯಲ್ಲಿ ಅವನ್ನು ಬಿಡುವಂತಿಲ್ಲ. ಟ್ಯಾಂಗ್ ಮೀನು ಬಿಟ್ಟರೆ ಚೆಂದದ ಕೆಂಪು ಪಾಚಿ ಅದರ ಊಟವಾಗುತ್ತದೆ. ಹಾಗಾಗಿ ಮೇಯುವವರ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಯಾವುದನ್ನು ಆರಿಸಬೇಕು?

ಕೆಂಪಗಿನ ಗ್ರಾಸಿಲೇರಿಯಾವನ್ನು ಕತ್ತರಿಸುವುದು ಸುಲಭ. ಸಿಕ್ಕುಬಿದ್ದ ಮೀನುಗಾಳದ ದಾರದಂತೆ ಕಾಣುವ ಕೀಟೊಮಾರ್ಫಾ ಎಲ್ಲಿಗೂ ಅಂಟಿಕೊಳ್ಳುವುದಿಲ್ಲ, ಹಿಡಿಯಲ್ಲಿ ಎತ್ತಿ ತೆಗೆಯಬಹುದು. ಹಸಿರು ಬಿಲ್ಲೆಗಳ ಸರದಂತಿರುವ ಹ್ಯಾಲಿಮೀಡಾ ನೋಡಲು ಚೆಂದ, ಆದರೆ ಹವಳದಂತೆ ಅದೂ ಕ್ಯಾಲ್ಸಿಯಂ ಕೇಳುತ್ತದೆ.

ಎಚ್ಚರ ಬೇಕಾದದ್ದು ಕೌಲರ್ಪಾ ವಿಷಯದಲ್ಲಿ. ಗರಿಯಂತೆ, ದ್ರಾಕ್ಷಿ ಗೊಂಚಲಿನಂತೆ ಹರಡುವ ಈ ಪಾಚಿಯ ಇಡೀ ಮೈ ಒಂದೇ ಜೀವಕೋಶ. ಸಂತಾನೋತ್ಪತ್ತಿಯ ಹೊತ್ತು ಬಂದಾಗ ಒಳಗಿದ್ದುದನ್ನೆಲ್ಲ ನೀರಿಗೆ ಚೆಲ್ಲಿ ಸಾಯುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಮಬ್ಬಾಗಿರುತ್ತದೆ, ಆಮ್ಲಜನಕ ಕುಸಿದು ಮೀನುಗಳೂ ಸಾಯಬಹುದು.

ಏನು ಮಾಡಬೇಕು?

ಪಾಚಿ ಮತ್ತು ಹವಳದ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಬಿಡಿ. ಪಾಚಿಯನ್ನು ಬಿಡಿ ಕಲ್ಲಿನ ಮೇಲೆ ಬೆಳೆಸಿದರೆ ಕಲ್ಲು ಸಮೇತ ಹೊರಗೆತ್ತಿ ಕತ್ತರಿಸಬಹುದು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಉದುರಿದ ಚೂರುಗಳನ್ನು ಬಲೆಯಿಂದ ಹಿಡಿದು ತೆಗೆಯಿರಿ. ತುದಿ ಬಿಳಿಯಾದ ಭಾಗವನ್ನು ತಕ್ಷಣ ತೆಗೆದುಬಿಡಿ. ನೈಟ್ರೇಟ್, ಫಾಸ್ಫೇಟ್ ಅಳೆಯುವ ಟೆಸ್ಟ್ ಕಿಟ್ ಮನೆಯಲ್ಲಿರಲಿ.

ಕತ್ತರಿಸಿದ್ದನ್ನು ಎಲ್ಲಿ ಹಾಕಬೇಕು?

ಸಮುದ್ರಕ್ಕೆ, ಹೊಳೆಗೆ, ಚರಂಡಿಗೆ ಖಂಡಿತ ಬೇಡ. 1984ರಲ್ಲಿ ಮೊನಾಕೊ ತೀರದಲ್ಲಿ ಕೌಲರ್ಪಾ ಟ್ಯಾಕ್ಸಿಫೋಲಿಯಾ ಕಂಡದ್ದು ಸುಮಾರು ಒಂದು ಚದರ ಮೀಟರ್ ಜಾಗದಲ್ಲಿ. ಅದು ಅಕ್ವೇರಿಯಂನಿಂದ ಬಂದದ್ದೆಂದು ಹೇಳಲಾಗುತ್ತದೆ. ಮುಂದೆ ಅದು ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಎಕರೆಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡ ಅದನ್ನು ನಿರ್ಮೂಲ ಮಾಡಲು 2006ರವರೆಗೆ ಹೋರಾಡಬೇಕಾಯಿತು. ಖರ್ಚು ಸುಮಾರು 70 ಲಕ್ಷ ಡಾಲರ್. ನಮ್ಮಲ್ಲೂ ಹೀಗಾಗಿದೆ. ಕೃಷಿಗಾಗಿ ಹೊರಗಿನಿಂದ ತಂದ ಕಪ್ಪಾಫೈಕಸ್ ಪಾಚಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಜೀವಂತ ಹವಳಗಳನ್ನು ಮುಚ್ಚಿರುವುದು 2008ರಲ್ಲಿ ವರದಿಯಾಯಿತು. ಆದ್ದರಿಂದ ಕತ್ತರಿಸಿದ ಪಾಚಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ.

ಕೊನೆಯ ಮಾತು. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಡೈವಿಂಗ್‌ಗೆ ಹೋದಾಗ ಹವಳ ಕಣ್ಣಿಗೆ ಬಿದ್ದರೆ ನೋಡಿ ಖುಷಿಪಡಿ, ಮುರಿದು ತಂದರೆ ಅಪರಾಧ.

'ಪಾಚಿ ಹಾಕಿ, ಮರೆತುಬಿಡಿ' ಎನ್ನುವ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಸಾಲು ಸೇರಿಸಿ: ಪಾಚಿ ಹಾಕಿ, ಕತ್ತರಿ ಮರೆಯಬೇಡಿ.